ಕುರ್ಚಿಯ ಹಿಂದೆ ನಿಂತವಳು

ಏಣಿಯಕ್ಕ ನೆಟ್ಟಗೆ ನಿಂತಳೆಂದರೆ ಮೋಡ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ಆದರೆ ಆ ಕಾಲೇಜಿನ ಅಷ್ಟೂ ಫ್ಯಾನುಗಳನ್ನು ಏಣಿ ಹಾಕದೆ ಒರೆಸುತ್ತಿದ್ದವಳು ಅವಳೊಬ್ಬಳೇ ಅನ್ನುವುದನ್ನು ಮಾತ್ರ ನಂಬಲೇಬೇಕು. ಅದಕ್ಕೇ ಆ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಕರೆಯುವವರಿಲ್ಲದೆ ಅದು ಎಲ್ಲೋ ಮೂಲೆಯಲ್ಲಿ ಒಣಗಿ ಬಿದ್ದಿತ್ತು.

ಫ್ಯಾನು ಅಪರೂಪಕ್ಕೆ. ನೆಲ ದಿನಾ. ಅಷ್ಟುದ್ದದ ಮೈಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮಡಚಿಟ್ಟುಕೊಂಡು ಒರೆಸಬೇಕು. ಒರೆಸುವ ಕೋಲು ಮಾಡಿದವನು ಜನ್ಮದಲ್ಲಿ ಗಿಡ್ಡ ಹೆಂಗಸರನ್ನು ಮಾತ್ರ ಕಂಡಿದ್ದ. ಫಿನಾಯಿಲ್ ನೀರಿಗೆ ಅವಳ ಬೆರಳ ಸಂದಿಗಳು ಬಿರಿದು ಬೆಳ್ಳಗಾಗಿದ್ದವು. ಮನೆಗೆ ಹೋಗಿ ಸೊಂಟ ನೆಟ್ಟಗೆ ಮಾಡುವಾಗ ಏಳುವ ಲಟಲಟ ಸದ್ದಿಗೆ, ಯಾರೋ ಬಾಗಿಲು ಬಡಿದರೆಂದು ಪಕ್ಕದ ಮನೆಯವರು ಚಿಲಕ ತೆಗೆದು ನೋಡುತ್ತಿದ್ದರು.

ಕೆಲಸಕ್ಕೊಂದು ಕಾನೂನಿತ್ತು. ಗುತ್ತಿಗೆಯ ಮೇಸ್ತ್ರಿ, ಅಂದರೆ ಕಸ ಗುಡಿಸುವ ಹೆಂಗಸರನ್ನೆಲ್ಲ ಮೇಯಿಸುವವನು, ಸೇರಿದ ದಿನವೇ ಅದನ್ನು ಕಿವಿಗೆ ಹಾಕಿದ್ದ. ಮೇಷ್ಟ್ರುಗಳು, ಮೇಡಂಗಳು ಕೂತಿದ್ದರೆ ಮಾತಾಡಬಾರದು. ಕಾಲು ತೆಗೀರಿ ಎನ್ನಬಾರದು. ಅವರ ತಲೆ ಓಡುತ್ತಿರುತ್ತದೆ, ಅದಕ್ಕೆ ಅಡ್ಡ ಬರಬಾರದು. ಕುರ್ಚಿಯ ಹಿಂದೆ ಹೋಗಿ ಸುಮ್ಮನೆ ನಿಲ್ಲಬೇಕು. ಅವರಿಗೇ ಗೊತ್ತಾಗಬೇಕು. ಗೊತ್ತಾದಾಗ ಅವರು ಕಾಲೆತ್ತುತ್ತಾರೆ. ಆಗ ಬಗ್ಗಿ ಒರೆಸಿಕೊಂಡು ಹೋಗಬೇಕು.

ಹೀಗಾಗಿ ಏಣಿಯಕ್ಕನಿಗೆ ಆ ಕಾಲೇಜಿನ ಮುಖಗಳಿಗಿಂತ ಕಾಲುಗಳೇ ಹೆಚ್ಚು ಗುರುತು. ಕೆಲವರು ಎರಡೂ ಕಾಲೆತ್ತಿ ತೊಟ್ಟಿಲ ಮಗುವಿನ ಹಾಗೆ ಕೂರುತ್ತಿದ್ದರು. ಕೆಲವರು ಒಂದೇ ಎತ್ತಿ ಇನ್ನೊಂದನ್ನು ಮರೆಯುತ್ತಿದ್ದರು. ಲೆಕ್ಕ ಹೇಳಿಕೊಡುವ ಮೇಡಂ ಎತ್ತುತ್ತಲೇ ಇರಲಿಲ್ಲ. ಅವರ ಹಿಂದೆ ನಿಂತರೆ ನಿಂತದ್ದೇ. ಬಕೆಟ್ಟಿನ ನೀರು ತಣ್ಣಗಾಗಿ, ಮತ್ತೆ ಬಿಸಿಲಿಗೆ ಬಿಸಿಯಾಗಿ, ಅದರಲ್ಲಿ ಮೀನು ಹುಟ್ಟುವಷ್ಟು ಹೊತ್ತು. ಅಷ್ಟೂ ಹೊತ್ತು ಏಣಿಯಕ್ಕ ಕತ್ತು ಚಾಚಿ ಮೇಡಂ ಭುಜದ ಮೇಲಿಂದ ಮೇಜಿನ ಕೆಳಗೆ ನೋಡುತ್ತಿದ್ದಳು. ಎತ್ತಿದರಾ? ಇಲ್ಲ. ಈಗ? ಇಲ್ಲ.

ಹಾಗೆ ನೋಡುತ್ತಿದ್ದಾಗಲೇ ಕಂಪ್ಯೂಟರ್ ಮೇಷ್ಟ್ರು ಬಾಗಿಲಲ್ಲಿ ಬಂದದ್ದು.

ಕಂಪ್ಯೂಟರ್ ಮೇಷ್ಟ್ರದು ದೊಡ್ಡ ನಗು. ಅವರು ಮೂಲೆ ತಿರುಗುವ ಮೊದಲೇ ಹಲ್ಲು ತಿರುಗಿರುತ್ತಿತ್ತು. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಜನ ಹೇಗೆಲ್ಲ ಮೋಸ ಹೋಗುತ್ತಾರೆ, ಏನು ಒತ್ತಬೇಕು, ಏನು ಒತ್ತಬಾರದು ಎಂದು ಕಾಲೇಜಿನ ಸಿಬ್ಬಂದಿಗೂ ಓದುವ ಮಕ್ಕಳಿಗೂ ತಿಳಿಸಿಕೊಡುವ ತರಬೇತಿಯೊಂದನ್ನು ತಯಾರು ಮಾಡಿ ಎಂದು ಪ್ರಿನ್ಸಿಪಾಲ್ ಮೇಡಂ ಅವರಿಗೆ ಹೇಳಿದ್ದರು. ತರಬೇತಿಯ ದಿನ ಮೇಲಿನಿಂದ ದೊಡ್ಡವರು ಬಂದು ನೋಡುವವರಿದ್ದರು. ಮೇಷ್ಟ್ರು ಆವತ್ತಿನಿಂದ ಫೋನು ಹಿಡಿದುಕೊಂಡು ಕಾಲೇಜೆಲ್ಲ ಫೋಟೋ ತೆಗೆಯುತ್ತ ಓಡಾಡುತ್ತಿದ್ದರು. ಸಿಬ್ಬಂದಿ ಎಂದರೆ ಕುರ್ಚಿ ಇರುವವರು. ಬಕೆಟ್ಟು ಇರುವವರಿಗೆ ತರಬೇತಿ ಇರಲಿಲ್ಲ.

ಮೇಷ್ಟ್ರು ಲೆಕ್ಕದ ಮೇಡಂಗೆ ಹಾಗೇ ಕೂತಿರಿ ಎಂದರು. ಏಣಿಯಕ್ಕ ಅಡ್ಡವಾದೆನೆಂದು ಪಕ್ಕಕ್ಕೆ ಸರಿಯಹೋದಳು.

"ಇರ್ಲಿ, ಇರ್ಲಿ. ಹಾಗೇ ನಿಂತ್ಕೋಮ್ಮ," ಎಂದರು ಮೇಷ್ಟ್ರು.

ನಿಂತಳು. ಮೇಡಂ ಕೊನೆಗೂ ಕಾಲೆತ್ತಿದರು. ಒರೆಸಿ ಹೋದಳು. ಅವಳನ್ನು ಕೇಳಿದ್ದು ಅಷ್ಟೇ, ಹೇಳಿದ್ದು ಅಷ್ಟೇ.

ಕೆಲವು ದಿನ ಕಳೆದು ನೋಡಿದರೆ, ಬಾಗಿಲಿನಷ್ಟು ದೊಡ್ಡ ಪೋಸ್ಟರುಗಳು. ಮೆಟ್ಟಿಲ ಬುಡದಲ್ಲೊಂದು, ಲೈಬ್ರರಿ ಗೋಡೆಗೊಂದು, ಮೇಷ್ಟ್ರುಗಳ ಕೋಣೆಯ ಮುಂದೊಂದು, ಹುಡುಗಿಯರ ಟಾಯ್ಲೆಟ್ಟಿನ ಪಕ್ಕ ಒಂದು. ಎಲ್ಲದರಲ್ಲೂ ಏಣಿಯಕ್ಕ. ಗುತ್ತಿಗೆಯವರು ಕೊಟ್ಟ ಬೂದು ಕೋಟು, ಚಾಚಿದ ಕತ್ತು, ಕೆಳಗೆ ನೋಡುವ ಕಣ್ಣು. ಮುಂದೆ ಕೂತ ಮೇಡಂ ಮುಖವನ್ನು ಮಾತ್ರ ಮಂಜು ಬಿದ್ದ ಗಾಜಿನ ಹಾಗೆ ಮಸುಕು ಮಾಡಿದ್ದರು. ಏಣಿಯಕ್ಕನ ಮುಖ ಹಲ್ಲುಜ್ಜಿ ಬಂದಷ್ಟು ಸ್ಪಷ್ಟ. ಅದರ ಸುತ್ತ ಕೆಂಪು ಬಣ್ಣದ ದಪ್ಪ ವೃತ್ತ.

ಅಕ್ಷರಗಳು ಏಣಿಯಕ್ಕನಿಗೆ ದೂರದ ನೆಂಟರಿದ್ದ ಹಾಗೆ. ಕಂಡರೆ ಎಲ್ಲೋ ನೋಡಿದ ನೆನಪು, ಹೆಸರು ಹಿಡಿದು ಕರೆಯಲು ಬಾರದು. ಅವಳು ತನ್ನ ಮುಖವನ್ನಷ್ಟೇ ಓದಿದಳು. ಕೆಂಪು ವೃತ್ತ ಹಾರದ ಹಾಗೆ ಕಂಡಿತು. ಅಷ್ಟು ವರ್ಷ ಒರೆಸಿದ್ದಕ್ಕೆ ಕಾಲೇಜಿನವರು ಹೀಗೆ ಮರ್ಯಾದೆ ಮಾಡಿದ್ದಾರೆ ಎಂದುಕೊಂಡಳು. ಪಾಪ, ಹಾಗೇ ಅಂದುಕೊಂಡಳು.

ನಾದಿನಿಯನ್ನು ಕೈಹಿಡಿದು ಎಳೆದುಕೊಂಡು ಬಂದಳು. ನಾದಿನಿಗೆ ಚೂಟಿ ಎಂದು ಹೆಸರು. ಗಂಡನ ಮನೆಗೆ ಎಳ್ಳು ನೀರು ಬಿಟ್ಟು ಅಣ್ಣನ ಮನೆ ಸೇರಿದವಳು. ಅಣ್ಣ ಲಾರಿ ಹತ್ತಿ ಹೋದರೆ ಯಾವಾಗಲೋ ಮುಖ ತೋರಿಸುವವನು. ಹಾಗಾಗಿ ಒಂದೇ ಕೋಣೆ, ಒಂದೇ ಒಲೆ, ಅತ್ತಿಗೆ ನಾದಿನಿ ಇಬ್ಬರೇ. ಚೂಟಿ ಅದೇ ಕಾಲೇಜಿನ ಟಾಯ್ಲೆಟ್ ತೊಳೆಯುತ್ತಿದ್ದಳು. ಅವಳ ಬಾಯಿ ಎಂಥದ್ದೆಂದರೆ, ಅವಳು ಬೈದರೆ ಕಟ್ಟಿದ ಪೈಪು ತಾನಾಗಿ ಬಿಟ್ಟುಕೊಳ್ಳುತ್ತಿತ್ತು.

"ಮೂಗು ಸ್ವಲ್ಪ ದಪ್ಪ ಬಂದಿದೆ ಅತ್ತಿಗೆ," ಎಂದಳು ಚೂಟಿ, ತಲೆ ಓರೆ ಮಾಡಿ ನೋಡಿ. "ಇರೋದೇ ಅಷ್ಟು ಬಿಡು."

ಏಣಿಯಕ್ಕ ಆ ಪೋಸ್ಟರುಗಳ ಕೆಳಗಿನ ನೆಲವನ್ನು ಬೇರೆ ನೆಲಕ್ಕಿಂತ ಚೆನ್ನಾಗಿ ಒರೆಸತೊಡಗಿದಳು. ಅಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಒಂದು ಮೇಲೆ, ಒಂದು ಕೆಳಗೆ, ಎರಡೂ ಅವಳದ್ದೇ.

ಆಮೇಲೆ ಒಂದೊಂದೇ ವಿಚಿತ್ರ ಶುರುವಾಯಿತು.

ಅವಳು ಕಾರಿಡಾರಿನಲ್ಲಿ ಬಂದರೆ ಹುಡುಗಿಯರು ಫೋನನ್ನು ಬೋರಲು ಹಾಕುತ್ತಿದ್ದರು. ಲೈಬ್ರರಿಯಲ್ಲಿ ಹುಡುಗರು ಕಂಪ್ಯೂಟರಿನ ಮುಂದೆ ಎರಡೂ ಕೈ ಹರಡಿ, ಗೂಡಿನ ಮೇಲೆ ಕೂತ ಕೋಳಿಯ ಹಾಗೆ ಕೂರುತ್ತಿದ್ದರು. ಮೇಷ್ಟ್ರುಗಳ ಕೋಣೆಗೆ ಕಾಲಿಟ್ಟರೆ ಟಕಟಕ ಎನ್ನುತ್ತಿದ್ದ ಸದ್ದೆಲ್ಲ ಒಟ್ಟಿಗೇ ನಿಲ್ಲುತ್ತಿತ್ತು. ಜನ್ಮದಲ್ಲಿ ಕಾಲೆತ್ತದ ಲೆಕ್ಕದ ಮೇಡಂ ಅವಳ ನೆರಳು ಬಿದ್ದ ಕೂಡಲೇ ಕುರ್ಚಿಸಮೇತ ತಿರುಗಿ, ಅವಳು ಹೋಗುವ ತನಕ ಅವಳನ್ನೇ ನೋಡುತ್ತಿದ್ದರು.

ಏನೋ ನಾರುತ್ತಿದೆ ಎಂದು ಏಣಿಯಕ್ಕ ತನ್ನನ್ನೇ ಮೂಸಿಕೊಂಡಳು. ಸೋಪು ಬದಲಾಯಿಸಿದಳು. ಕೋಟು ಎರಡು ಸಲ ಒಗೆದಳು. ಆಮೇಲೆ ಜನರ ಮೇಲೆ ಅನುಮಾನ ಬಂತು. ಇವರೆಲ್ಲ ಸೇರಿ ಏನೋ ಮಾಡುತ್ತಿದ್ದಾರೆ, ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಅವರು ಅವಳನ್ನು ನೋಡುವುದು, ಅವಳು ಅವರನ್ನು ನೋಡುವುದು. ಆ ಕಾಲೇಜಿನಲ್ಲಿ ಆಗ ಪಾಠಕ್ಕಿಂತ ನೋಟವೇ ಜಾಸ್ತಿ ನಡೆಯುತ್ತಿತ್ತು. ಗೋಡೆಯ ಮೇಲಿನ ಹಲ್ಲಿಯೂ ಯಾರ ಕಡೆ ಎಂದು ತಿಳಿಯದೆ ಎರಡೂ ಕಡೆ ಕಣ್ಣಿಟ್ಟಿತ್ತು.

ಲೈಬ್ರರಿಯಲ್ಲಿ ಒಬ್ಬಳು ಚಷ್ಮಾ ಹುಡುಗಿ ಕೂರುತ್ತಿದ್ದಳು. ದಾರಿಯಲ್ಲಿ ಸಿಕ್ಕರೆ ನಗುವವಳು ಅವಳೊಬ್ಬಳೇ. ಏಣಿಯಕ್ಕ ಅವಳನ್ನು ಪೋಸ್ಟರಿನ ಮುಂದೆ ನಿಲ್ಲಿಸಿ, ಇದರಲ್ಲಿ ಏನು ಬರೆದಿದೆ ಓದವ್ವಾ ಎಂದಳು. ಹುಡುಗಿ ಚಷ್ಮಾ ಸರಿ ಮಾಡಿಕೊಂಡಳು. ಸರಿಯಿದ್ದದ್ದನ್ನು ಇನ್ನೊಮ್ಮೆ ಸರಿ ಮಾಡಿಕೊಂಡಳು.

"ಬಿಡಿ ಆಂಟಿ."

"ಓದು."

"'ನಿಮ್ಮ ಹಿಂದೆ ಯಾರಿದ್ದಾರೆ? ಪಾಸ್‌ವರ್ಡ್ ಕಳ್ಳರು ದೂರ ಇರುವುದಿಲ್ಲ.' ಅಷ್ಟೇ ಆಂಟಿ."

ಪಾಸ್‌ವರ್ಡ್ ಎಂದರೇನು ಎಂದು ಏಣಿಯಕ್ಕ ಕೇಳಿದಳು. ಬೀಗದ ಕೈ ಇದ್ದ ಹಾಗೆ, ಆದರೆ ತಲೆಯಲ್ಲಿ ಇರುತ್ತದೆ ಎಂದಳು ಹುಡುಗಿ. ಹೇಳುತ್ತ ಹೇಳುತ್ತಲೇ ತನ್ನ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಎದೆಗೊತ್ತಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿ ಹೋಯಿತು. ಏಣಿಯಕ್ಕ ಆ ಕೈಯನ್ನು ನೋಡಿದಳು.

ಕಳ್ಳಿ. ಬಾಗಿಲಿನಷ್ಟು ದೊಡ್ಡ ಕಳ್ಳಿ. ಅದರ ಕೆಳಗಿನ ನೆಲವನ್ನು ತಾನೇ ಕನ್ನಡಿ ಮಾಡಿ ಉಜ್ಜಿದ್ದಳು.

ಅದೇ ದಿನಗಳಲ್ಲಿ ಲೆಕ್ಕದ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊರಗೆ ಬಂತು. ಲೆಕ್ಕದ ಮೇಡಂ ಇಮೇಲ್ ಒಳಗೆ ಯಾರೋ ಹೊಕ್ಕು ತೆಗೆದರಂತೆ. ಪರೀಕ್ಷೆ ಮುಂದೆ ಹೋಯಿತು, ಕೂಗಾಟವಾಯಿತು. ಯಾರು ಹೊಕ್ಕರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಗೋಡೆಗೋಡೆಗೂ ಅಂಟಿಸಿತ್ತಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಗೇಟಿನಲ್ಲಿ ಬಕೆಟ್ಟು ಇಟ್ಟುಕೊಂಡು ನಿಂತಿದ್ದ. ನೆಲ ಒರೆಸುವ ಬಕೆಟ್ಟೇ. ಒಳಗೆ ಬರುವ ಮೊದಲು ಗುತ್ತಿಗೆಯ ಹೆಂಗಸರು ತಮ್ಮ ಫೋನುಗಳನ್ನು ಅದರಲ್ಲಿ ಹಾಕಬೇಕು. ಸಂಜೆ ಹೋಗುವಾಗ ಚೀಲ ಬಿಚ್ಚಿ ತೋರಿಸಿ, ಫೋನು ತೆಗೆದುಕೊಂಡು ಹೋಗಬೇಕು. ಸುರಕ್ಷತೆಗೆ ಎಂದ.

"ಯಾರ ಸುರಕ್ಷತೆಗೆ?" ಎಂದಳು ಚೂಟಿ.

"ಬಾಯ್ಮುಚ್ಚಿ ಹಾಕು," ಎಂದ ಮೇಸ್ತ್ರಿ.

ಸಂಜೆ ಗೇಟಿನಲ್ಲಿ ಸಾಲು. ಮೇಸ್ತ್ರಿ ಚೀಲದೊಳಗೆ ಕೈ ಹಾಕುತ್ತಿದ್ದ. ಊಟದ ಡಬ್ಬಿ ಮುಚ್ಚಳ ತೆಗೆಯುತ್ತಿದ್ದ. ಒದ್ದೆ ಬಟ್ಟೆ ಕೊಡವುತ್ತಿದ್ದ. ಒಬ್ಬ ಮುದುಕಿಯ ಚೀಲದಿಂದ ಮುಟ್ಟಿನ ಬಟ್ಟೆಯ ಗಂಟು ಬಂತು, ಜೊತೆಯಲ್ಲೇ ಗುಡಿಸುವ ಮಗಳದ್ದು. ಅದನ್ನೂ ಬಿಚ್ಚಿಸಿದ. ಮೇಷ್ಟ್ರುಗಳು ಬೈಕು ಹತ್ತಿ ಪಕ್ಕದಲ್ಲೇ ಹೋಗುತ್ತಿದ್ದರು. ಓದುವ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಹೋಗುತ್ತಿದ್ದರು. ಆ ಚೀಲಗಳಲ್ಲಿ ಆನೆ ಇಟ್ಟುಕೊಂಡು ಹೋದರೂ ಯಾರೂ ಕೇಳುತ್ತಿರಲಿಲ್ಲ.

ಸಾಲಿನಲ್ಲಿದ್ದ ಹೆಂಗಸರು ಮೊದಮೊದಲು ಮೇಸ್ತ್ರಿಯನ್ನು ಬೈದರು. ಆಮೇಲೆ ಏಣಿಯಕ್ಕನನ್ನು ಬೈದರು. ಇವಳು ಅಲ್ಲಿ ಹೋಗಿ ಕತ್ತು ಚಾಚದಿದ್ದರೆ ನಮಗೆ ಈ ಗತಿ ಬರುತ್ತಿತ್ತಾ ಎಂದರು. ಅವಳ ಮುಂದೆಯೇ ಅಂದರು. ಆಮೇಲೆ ಅವಳ ಪಕ್ಕ ಕೂತು ಉಣ್ಣುವುದನ್ನು ಬಿಟ್ಟರು.

ಚೂಟಿ ಜೊತೆ ಬಿಡಲಿಲ್ಲ. ಅವಳಿಗಾಗಿ ಜಗಳ ಮಾಡಿದಳು. ಆದರೆ ಒಂದು ಸಂಜೆ, ಇಬ್ಬರೂ ಕೂತು ಪಾತ್ರೆ ತೊಳೆಯುವಾಗ, ಚೂಟಿ ತಟ್ಟೆಯೊಂದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು.

"ಅತ್ತಿಗೆ, ಒಂದು ಮಾತು. ಕೋಪ ಮಾಡ್ಕೋಬೇಡ. ಅಷ್ಟು ಹೊತ್ತು ಹಿಂದೆ ನಿಂತಿರ್ತಿದ್ಯಲ್ಲ. ಕಣ್ಣಿಗೆ ಏನೂ ಬೀಳ್ಲೇ ಇಲ್ವಾ?"

ಏಣಿಯಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ನಲ್ಲಿ ನಿಲ್ಲಿಸಿದಳು. ಮೇಸ್ತ್ರಿ ಡಬ್ಬಿಯೊಳಗೆ ಬೆರಳಾಡಿಸಿದಾಗ ಆಗದ ನೋವು ಈಗ ಆಯಿತು. ಇನ್ನೂ ಕೆಟ್ಟದ್ದೇನೆಂದರೆ, ಅವಳು ತನ್ನನ್ನೇ ಕೇಳಿಕೊಂಡಳು. ಬಿದ್ದಿತ್ತಾ? ಆ ಹೊಳೆಯುವ ಪರದೆಯ ಮೇಲೆ ಏನಿತ್ತು? ನೆನಪಿಸಿಕೊಳ್ಳಲು ಹೋದಳು. ಕಪ್ಪು ಚಪ್ಪಲಿ ನೆನಪಾಯಿತು. ಎಡಗಾಲಿನ ಹೆಬ್ಬೆರಳ ಉಗುರು ಒಡೆದಿದ್ದದ್ದು ನೆನಪಾಯಿತು. ಬೇರೇನೂ ಇರಲಿಲ್ಲ.

ಬೆಳಿಗ್ಗೆ ಬಕೆಟ್ಟು ಕೆಳಗಿಟ್ಟು ನೇರ ಕಂಪ್ಯೂಟರ್ ಮೇಷ್ಟ್ರ ಕೋಣೆಗೆ ಹೋದಳು. ಕುರ್ಚಿಯ ಹಿಂದೆ ಹೋಗಲಿಲ್ಲ, ಮುಂದೆ ನಿಂತಳು. ಆ ಚಿತ್ರ ತೆಗೆಸಿಬಿಡಿ ಸರ್ ಎಂದಳು. ಮೇಷ್ಟ್ರು ನಕ್ಕರು. ಕೂರಲು ಹೇಳಲಿಲ್ಲ, ಆದರೆ ಬಹಳ ನಯವಾಗಿ ಮಾತಾಡಿದರು. ಅದನ್ನು ಯಾರೂ ನೀನು ಅಂತ ನೋಡುವುದಿಲ್ಲ, ಜನ ಹುಷಾರಾಗಲಿ ಎಂದು ಮಾಡಿದ್ದು, ತಪ್ಪು ತಿಳಿಯಬಾರದು ಎಂದರು.

"ಅದು ನೀನಲ್ಲಮ್ಮ. ಒಂದು ಉದಾಹರಣೆ."

"ಉದಾಹರಣೆಗೆ ನನ್ನ ಮೂಗು ಯಾಕೆ ಸರ್?"

ಮೇಷ್ಟ್ರ ನಗು ಅರ್ಧಕ್ಕೆ ನಿಂತಿತು. ಮೇಡಂ ಮುಖ ಮಸುಕು ಮಾಡಿದ್ದೀರಲ್ಲ, ನನ್ನದನ್ನೂ ಮಾಡಬಹುದಿತ್ತಲ್ಲ ಎಂದು ಅವಳು ಕೇಳಿದಳು. ಇಬ್ಬರದ್ದೂ ಮಸುಕು ಮಾಡಿದರೆ ಪೋಸ್ಟರಿನಲ್ಲಿ ನೋಡುವುದಕ್ಕೆ ಏನಿರುತ್ತದೆ ಎಂದರು ಮೇಷ್ಟ್ರು. ನಿಜವಾಗಿಯೂ ಅವಳಿಗೆ ಅರ್ಥವಾಗಲಿ ಎಂದೇ ಬಿಡಿಸಿ ಹೇಳಿದರು. ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ತರಬೇತಿಯ ದಿನ ವೇದಿಕೆಯ ಮೇಲೆ ಒಂದು ಸಣ್ಣ ನಾಟಕ ಮಾಡೋಣ, ನೀನೇ ಬಂದು ಮಾಡು, ಆಗ ಇದೆಲ್ಲ ನಟನೆ ಎಂದು ಎಲ್ಲರಿಗೂ ತಿಳಿಯುತ್ತದೆ ಎಂದರು. ಮಾತಾಡುವುದೇನಿಲ್ಲ, ಹಿಂದೆ ನಿಂತು ಕತ್ತು ಚಾಚಿದರೆ ಸಾಕು.

ಅವಳು ಆಗುವುದಿಲ್ಲ ಎಂದಳು. ಮಧ್ಯಾಹ್ನಕ್ಕೆ ಮೇಸ್ತ್ರಿ ಬಂದ. ಮೇಲಿನಿಂದ ದೊಡ್ಡವರು ಬರುವ ದಿನ ತಕರಾರು ಮಾಡಿದರೆ ನಿನ್ನ ಕೆಲಸ ಹೋಗುತ್ತದೆ, ನಿನ್ನ ನಾದಿನಿಯದ್ದೂ ಹೋಗುತ್ತದೆ ಎಂದ. ಒಂದೇ ಕೋಣೆ, ಒಂದೇ ಒಲೆ. ಏಣಿಯಕ್ಕ ಒಪ್ಪಿದಳು. ಒಪ್ಪಿದಳು ಎಂದರೆ ತಲೆ ತಗ್ಗಿಸಿದಳು. ಅಷ್ಟು ಎತ್ತರದಿಂದ ತಲೆ ತಗ್ಗಿ ಬರುವುದಕ್ಕೆ ಹೊತ್ತು ಹಿಡಿಯಿತು.

ತರಬೇತಿಯ ದಿನ ದೊಡ್ಡ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೇಲಿನಿಂದ ಬಂದವರು, ಪ್ರಿನ್ಸಿಪಾಲ್ ಮೇಡಂ, ಮೇಷ್ಟ್ರುಗಳು. ಹಿಂದೆ ಮಕ್ಕಳು. ಎಲ್ಲಕ್ಕಿಂತ ಹಿಂದೆ, ಗೋಡೆಗೊರಗಿ ಬೂದು ಕೋಟಿನ ಹೆಂಗಸರು. ಕಾರ್ಯಕ್ರಮ ಮುಗಿದ ಮೇಲೆ ಗುಡಿಸಬೇಕಲ್ಲ, ಅದಕ್ಕೆ. ಅವರಿಗೆ ಕುರ್ಚಿ ಇರಲಿಲ್ಲ. ವೇದಿಕೆಯ ಮೇಲೆ ಮೇಜು, ಕುರ್ಚಿ, ಕಂಪ್ಯೂಟರು. ಏಣಿಯಕ್ಕ ಪರದೆಯ ಮರೆಯಲ್ಲಿ ಕೋಲು, ಬಕೆಟ್ಟು ಹಿಡಿದು ನಿಂತಿದ್ದಳು. ಕರೆದಾಗ ಬರಬೇಕು.

ಕಂಪ್ಯೂಟರ್ ಮೇಷ್ಟ್ರು ಮೈಕಿನ ಮುಂದೆ ನಿಂತು ಬಹಳ ವಿಷಯ ಹೇಳಿದರು. ಗೊತ್ತಿಲ್ಲದವರು ಕಳಿಸಿದ್ದನ್ನು ಒತ್ತಬೇಡಿ ಎಂದರು. ಒಬ್ಬರ ಫೋಟೋವನ್ನು ಅವರನ್ನು ಕೇಳದೆ ಎಲ್ಲೂ ಹಾಕಬಾರದು, ಅದು ಅಪರಾಧ ಎಂದರು. ಆ ಮಾತಿಗೆ ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಪರದೆಯ ಮರೆಯಲ್ಲಿ ಏಣಿಯಕ್ಕ ಕಿವಿ ನೆಟ್ಟಗೆ ಮಾಡಿದಳು.

ಆಮೇಲೆ ಮೇಷ್ಟ್ರು ದನಿ ತಗ್ಗಿಸಿ, ನಮ್ಮ ಕಾಲೇಜಿನಲ್ಲೇ ನಡೆದದ್ದು ಹೇಳುತ್ತೇನೆ ಎಂದರು. ಪ್ರಶ್ನೆಪತ್ರಿಕೆ ಹೊರಗೆ ಹೋಯಿತಲ್ಲ, ಅದು ಹೇಗೆ ಹೋಯಿತೆಂದು ನಾವು ಅವತ್ತೇ ಪತ್ತೆ ಮಾಡಿದೆವು. ನಮ್ಮ ಉಪನ್ಯಾಸಕರೊಬ್ಬರಿಗೆ ಫ್ರಿಜ್ ಬಹುಮಾನ ಬಂದಿದೆ ಎಂದು ಒಂದು ಮೆಸೇಜ್ ಬಂದಿತ್ತು. ಅವರು ಅದನ್ನು ಒತ್ತಿದರು. ಪಾಸ್‌ವರ್ಡ್ ಕೇಳಿತು. ತಾವೇ ಕೈಯಾರೆ ಬರೆದು ಕೊಟ್ಟರು.

ಹಾಲಿನಲ್ಲಿ ನಗೆ ಎದ್ದಿತು. ಕೆಟ್ಟ ನಗೆಯಲ್ಲ, ಅಯ್ಯೋ ಪಾಪ ಎನ್ನುವ ನಗೆ.

"ಯಾರಿಗೂ ಆಗಬಹುದು," ಎಂದರು ಮೇಷ್ಟ್ರು. "ಹೆಸರು ಹೇಳೋದಿಲ್ಲ. ಅವರ ಮರ್ಯಾದೆ ಪ್ರಶ್ನೆ."

ಏಣಿಯಕ್ಕ ಪರದೆಯ ಅಂಚು ಸರಿಸಿ ಮೇಷ್ಟ್ರನ್ನು ನೋಡಿದಳು. ಅವತ್ತೇ. ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಕೆಟ್ಟು ಇಟ್ಟರು. ಗೊತ್ತಿದ್ದೂ ಡಬ್ಬಿ ತೆಗೆಸಿದರು. ಗೊತ್ತಿದ್ದೂ ಆ ಮುದುಕಿಯ ಗಂಟು ಬಿಚ್ಚಿಸಿದರು. ನಿನ್ನೆ ಸಂಜೆಯೂ ಬಿಚ್ಚಿಸಿದ್ದರು. ನಾದಿನಿ ತಟ್ಟೆ ಉಜ್ಜುತ್ತ ಕೇಳಿದ್ದಳು. ಏಣಿಯಕ್ಕ ತನ್ನನ್ನು ತಾನೇ ಕೇಳಿಕೊಂಡಿದ್ದಳು.

ಮೇಷ್ಟ್ರು ಈಗ ಇನ್ನೊಂದು ಉದಾಹರಣೆ ಎಂದು ಹೋಗಿ ಕುರ್ಚಿಯಲ್ಲಿ ಕೂತರು. ಟಕಟಕ ಒತ್ತತೊಡಗಿದರು. ಪರದೆಯ ಕಡೆ ಕಣ್ಸನ್ನೆ ಮಾಡಿದರು.

ಅವಳು ಬಂದಳು. ಬಕೆಟ್ಟು ವೇದಿಕೆಯ ನಡುಮಧ್ಯೆ ಇಟ್ಟಳು. ಮಕ್ಕಳು ಪೋಸ್ಟರಿನ ಮುಖ ಗುರುತು ಹಿಡಿದು ಓ ಎಂದರು. ಸಿಳ್ಳೆ ಹಾಕಿದರು. ಮೇಷ್ಟ್ರು ತುಟಿ ಅಲುಗಿಸದೆ ಹಿಂದೆ ಬಾ ಎಂದರು. ಅವಳು ಅಲ್ಲೇ ನಿಂತಳು. ಹಿಂದೆ ಬಾಮ್ಮ ಎಂದರು. ಅವಳು ಸೊಂಟ ನೆಟ್ಟಗೆ ಮಾಡಿದಳು. ಆ ಲಟಲಟ ಸದ್ದು ಮೈಕಿಲ್ಲದೆಯೇ ಕೊನೆಯ ಸಾಲಿಗೆ ಕೇಳಿತೆಂದು ನೋಡಿದವರು ಈಗಲೂ ಹೇಳುತ್ತಾರೆ.

"ಹಿಂದೆ ನಿಲ್ಲಲ್ಲ ಸರ್," ಎಂದಳು.

ಆ ಕಟ್ಟಡದಲ್ಲಿ ಅವಳು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ದೊಡ್ಡ ದನಿ. ಅಷ್ಟು ವರ್ಷ ಒಳಗೇ ಇದ್ದು ಬಲಿತಿತ್ತು.

"ಹಿಂದೆ ಯಾಕೆ ನಿಲ್ತಿದ್ದೆ ಗೊತ್ತಾ? ಮಾತಾಡ್ಬಾರ್ದು ಅಂತ ನೀವೇ ಕಾನೂನು ಮಾಡಿದ್ರಿ. ಕಾಲೆತ್ತಲಿ ಅಂತ ಕಾಯ್ತಾ ನಿಲ್ತಿದ್ದೆ. ನಾನು ನೋಡಿದ್ದು ನಿಮ್ಮ ಕಾಲು. ಬರೀ ಕಾಲು. ನಿಮ್ಮ ಬೀಗದ ಕೈ ನಂಗೆ ಬೇಡ, ಸರ್. ನಂಗೆ ನೆಲ ಬೇಕಿತ್ತು."

ಪ್ರಿನ್ಸಿಪಾಲ್ ಮೇಡಂ ಎದ್ದು ನಿಂತು, ಅಮ್ಮಾ, ಕೆಳಗಿಳಿ, ಆಮೇಲೆ ಮಾತಾಡೋಣ ಎಂದರು. ಮೇಲಿನಿಂದ ಬಂದವರು ಇದೂ ನಾಟಕದ ಭಾಗವೆಂದು ತಿಳಿದು ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದರು.

"ಆಮೇಲೆ ಅಂದ್ರೆ ಯಾವಾಗ? ಫ್ರಿಜ್ಜಿಗೆ ಆಸೆ ಬಿದ್ದೋರ ಹೆಸರು ಹೇಳಲ್ಲ ಅಂದ್ರಿ, ಮರ್ಯಾದೆ ಅಂದ್ರಿ. ಹೇಳ್ಬೇಡಿ. ಒಳ್ಳೇದು. ನನ್ನ ಮುಖ ಗೋಡೆಗೆ ಹೊಡೀವಾಗ ಆ ಮರ್ಯಾದೆ ಎಲ್ಲಿತ್ತು? ಕಳ್ಳಿ ನಾನಲ್ಲ ಅಂತ ಅವತ್ತೇ ಗೊತ್ತಿತ್ತು ಅಂತೀರಿ. ನಿನ್ನೆ ಕೂಡ ನಮ್ಮ ಡಬ್ಬಿಗೆ ಕೈ ಹಾಕಿಸಿದ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಲೆಕ್ಕದ ಮೇಡಂ ತಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಹಿಂದಿನ ಗೋಡೆಯ ಹತ್ತಿರ ಬೂದು ಕೋಟಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಏಣಿಯಕ್ಕ ಕೋಲನ್ನು ಮೇಷ್ಟ್ರ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕ ಉದ್ದಕ್ಕೆ ಮಲಗಿಸಿದಳು. ನೀರು ತೊಟ್ಟಿಕ್ಕಿತು. ಪಕ್ಕದ ಮೆಟ್ಟಿಲಲ್ಲಿ ಇಳಿಯಲಿಲ್ಲ. ಎದುರಿನ ಮೆಟ್ಟಿಲಲ್ಲಿ ಇಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು, ದೊಡ್ಡ ಬಾಗಿಲಿನಿಂದ ಹೊರಗೆ ಹೋದಳು.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಕೋಟಿನ ಜೇಬಿನಲ್ಲಿ ಬ್ಲೇಡು ಇತ್ತು. ನೆಲಕ್ಕೆ ಅಂಟಿದ ಚೂಯಿಂಗ್ ಗಮ್ ಕೆರೆಯಲು ಎಲ್ಲ ಹೆಂಗಸರೂ ಇಟ್ಟುಕೊಳ್ಳುವ ಬ್ಲೇಡು. ಮೆಟ್ಟಿಲ ಬುಡದ ಪೋಸ್ಟರಿನ ಮುಂದೆ ನಿಂತು ಅದನ್ನು ತೆಗೆದಳು. ಎಲ್ಲಿ ಕತ್ತರಿಸಬೇಕೆಂದು ಯೋಚಿಸುವ ಕಷ್ಟವೂ ಇರಲಿಲ್ಲ. ಅವರೇ ಕೆಂಪು ಗೆರೆ ಬರೆದು ಕೊಟ್ಟಿದ್ದರು. ಗೆರೆಯ ಮೇಲೇ ಬ್ಲೇಡು ಓಡಿಸಿದಳು. ಮುಖ ಕೈಗೆ ಬಂತು. ಹಿಂದೆ ಬರೀ ಗೋಡೆ ಕಂಡಿತು.

ಲೈಬ್ರರಿಯದನ್ನು ಕತ್ತರಿಸುವಾಗ ಹಿಂದೆ ಹೆಜ್ಜೆ ಸದ್ದಾಯಿತು. ಚೂಟಿ. ಓಡಿಬಂದು ಏದುಸಿರು ಬಿಡುತ್ತಿದ್ದಳು. ಪೋಸ್ಟರಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

"ಅಲುಗಾಡಿಸ್ಬೇಡ," ಎಂದಳು ಏಣಿಯಕ್ಕ.

"ಇಲ್ಲ ಅತ್ತಿಗೆ."

ಮೇಷ್ಟ್ರುಗಳ ಕೋಣೆಯ ಮುಂದಿನದು, ಟಾಯ್ಲೆಟ್ಟಿನ ಪಕ್ಕದ್ದು, ಎಲ್ಲವನ್ನೂ ತೆಗೆದರು. ಮುಖಗಳನ್ನು ಒಂದರ ಮೇಲೊಂದು ಜೋಡಿಸಿ ಏಣಿಯಕ್ಕ ಚೀಲಕ್ಕೆ ಹಾಕಿಕೊಂಡಳು.

ಸುದ್ದಿ ಅವರಿಗಿಂತ ಮೊದಲೇ ಗೇಟಿಗೆ ಬಂದಿತ್ತು. ಮೇಸ್ತ್ರಿ ದಾರಿಗೆ ಅಡ್ಡ ನಿಂತಿದ್ದ. ನಾಳೆಯಿಂದ ಬರಬೇಡ ಎಂದ. ಗೊತ್ತು ಎಂದಳು. ಬಕೆಟ್ಟಿನಿಂದ ತನ್ನ ಫೋನು ಆರಿಸಿಕೊಂಡಳು. ಚೀಲ ಬಿಚ್ಚು ಎಂದ. ಅವಳೇ ಬಿಚ್ಚಿ ಅವನ ಮುಂದೆ ಹಿಡಿದಳು. ಒಳಗಿನಿಂದ ನಾಲ್ಕು ಏಣಿಯಕ್ಕಂದಿರು ಅವನನ್ನು ನೋಡಿದರು. ಅಷ್ಟು ಹೊತ್ತಿಗೆ ಹಾಲಿನಿಂದ ಬೂದು ಕೋಟಿನ ಹೆಂಗಸರೂ ಬಂದು ಹಿಂದೆ ಸಾಲುಗಟ್ಟಿದ್ದರು. ಒಳಗೆ ಗುಡಿಸಲು ಯಾರೂ ಉಳಿದಿರಲಿಲ್ಲ.

"ಇದು ಕಾಲೇಜಿನ ಕಾಗದ," ಎಂದ ಮೇಸ್ತ್ರಿ. "ತಗೊಂಡು ಹೋಗೋ ಹಾಗಿಲ್ಲ. ಕಳ್ತನ ಆಗುತ್ತೆ."

"ಹೌದಪ್ಪ, ಕಾಗದ ಕಾಲೇಜಿಂದೇ. ಮುಖ ನಂದು. ಮುಖ ಬಿಡಿಸಿ ನಂಗೆ ಕೊಡು, ಕಾಗದ ನೀನಿಟ್ಕೋ."

ಮೇಸ್ತ್ರಿ ಒಂದನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಹಿಂದೆ ಬಿಳಿ. ಮತ್ತೆ ತಿರುಗಿಸಿದ. ನಂಬಿದರೆ ನಂಬಿ, ಉಗುರಿನಿಂದ ಮೂಲೆಯಲ್ಲಿ ಒಂದು ಸಲ ಕೆರೆದೂ ನೋಡಿದ. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಗಾಯಿತು. ಕಾಗದವನ್ನು ಚೀಲಕ್ಕೆ ಎಸೆದು ದಾರಿ ಬಿಟ್ಟ. ಏಣಿಯಕ್ಕ ಗೇಟು ದಾಟಿ ರಸ್ತೆಯಲ್ಲಿ ನಿಂತು ನಾದಿನಿಗಾಗಿ ಕಾದಳು.

ಚೂಟಿಯ ಸರದಿ. ಚೂಟಿ ಬಕೆಟ್ಟಿನಿಂದ ತನ್ನ ಫೋನು ಎತ್ತಿಕೊಂಡು, ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಅವನ ಪಕ್ಕದಲ್ಲೇ ನಡೆದಳು.

"ಏಯ್, ಚೀಲ ಬಿಚ್ಚು. ನಿಂಗೆ ಕೆಲಸ ಬೇಕೋ ಬೇಡ್ವೋ? ಏನಿದೆ ಅದ್ರಲ್ಲಿ?"

ಚೂಟಿ ನಿಂತಳು. ಒಂದು ಗಳಿಗೆ ಅತ್ತಿಗೆಯ ಕಡೆ ನೋಡಿದಳು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

"ಬಿಚ್ಚಲ್ಲ. ಏನಿದೆ ಅಂತ ಅನುಮಾನ ಪಡ್ತಾ ನಿಂತಿರು."

ಅವಳು ದಾಟಿ ಹೋದಳು. ಸಾಲಿನ ಮುಂದೆ ಈಗ ಆ ಮುದುಕಿ ಇದ್ದಳು. ದಿನಾ ಕೇಳುವ ಮೊದಲೇ ಚೀಲ ಬಿಚ್ಚಿ ಹಿಡಿಯುತ್ತಿದ್ದವಳು. ಇವತ್ತೂ ಬಿಚ್ಚಿಯೇ ಹಿಡಿದಿದ್ದಳು. ಮೇಸ್ತ್ರಿ ಕೈ ಮುಂದೆ ಮಾಡಿದ. ಮುದುಕಿ ಆ ಕೈಯನ್ನು ನೋಡಿದಳು, ಹಿಡಿಕೆಗಳೆರಡನ್ನೂ ಸೇರಿಸಿದಳು, ಚೀಲದ ಬಾಯಿಗೆ ಒಂದು ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು ಹಾಕಿ ಹಲ್ಲಿನಿಂದ ಕಚ್ಚಿ ಬಿಗಿದಳು.